ಸಾತವ್ವ ಸುಣ್ಣ ಬಳಿದ ಕಲ್ಲು

ನಮ್ಮ ಕಡೆ ಹೊಲಗಳಲ್ಲಿ ಹಳೆಯ ಕಲ್ಲುಗಳಿಗೇನೂ ಬರವಿಲ್ಲ. ಯಾರು ನೆಟ್ಟರು, ಯಾವಾಗ ನೆಟ್ಟರು ಎಂದು ಕೇಳಿದರೆ ಅಜ್ಜನ ಕಾಲದಿಂದ ಇದೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅಜ್ಜನನ್ನು ಕೇಳಿದ್ದರೆ ಅವನೂ ಅದನ್ನೇ ಹೇಳುತ್ತಿದ್ದ. ಒಬ್ಬರು ಆ ಕಲ್ಲಿಗೆ ಎಮ್ಮೆ ಕಟ್ಟುತ್ತಾರೆ, ಇನ್ನೊಬ್ಬರು ಕಿತ್ತು ತಂದು ಬಾವಿಯ ದಂಡೆಯಲ್ಲಿ ಬಟ್ಟೆ ಒಗೆಯಲು ಹಾಕಿಕೊಳ್ಳುತ್ತಾರೆ. ಅಡಿಯಲ್ಲಿ ಹೊನ್ನಿನ ಕೊಡ ಇದೆಯೆಂದು ಬುಡ ಅಗಿದು ಬೀಳಿಸುವ ಮಹಾರಾಯರೂ ಇದ್ದಾರೆ. ಭಕ್ತಿ ಹೆಚ್ಚಾದವರು ಎಣ್ಣೆ ಸುರಿದು ಸುಣ್ಣ ಬಳಿಯುತ್ತಾರೆ. ಕಲ್ಲಿಗೆ ಬಾಯಿಲ್ಲ, ಎಲ್ಲವನ್ನೂ ತಡೆದುಕೊಂಡು ನಿಂತಿರುತ್ತದೆ.

ಸಾತವ್ವನ ಹೊಲದ ಕಲ್ಲಿನ ಪಾಲಿಗೆ ಬಂದದ್ದು ಸುಣ್ಣ. ಅವಳ ಹೊಲ ಕೌಜಲಗಿಯಿಂದ ಹೊರಬೀಳುವ ಬಂಡಿದಾರಿಯ ಬದಿಗೇ ಇತ್ತು. ಹೊಲದ ನಡುವೆ ಎದೆಯೆತ್ತರದ ಕಲ್ಲು. ಕೆಳಗಡೆ ಕತ್ತಿ ಹಿಡಿದ ಗಂಡಸು, ಅವನ ಮೇಲೆ ಅವನನ್ನು ಎತ್ತಿಕೊಂಡು ಹೋಗುವ ಇಬ್ಬರು ಹೆಂಗಸರು, ತುದಿಯಲ್ಲಿ ಲಿಂಗ ಮತ್ತು ಸೂರ್ಯಚಂದ್ರರು. ಚಿತ್ರಗಳ ನಡುವಿನ ಪಟ್ಟಿಗಳಲ್ಲಿ ಯಾರಿಗೂ ಓದಲು ಬಾರದ ಅಕ್ಷರಗಳು. ತಿಳಿದವರು ಇಂಥದನ್ನು ವೀರಗಲ್ಲು ಎನ್ನುತ್ತಾರೆ. ಸಾತವ್ವ ಅದಕ್ಕೆ ಯಾವ ಹೆಸರನ್ನೂ ಇಟ್ಟಿರಲಿಲ್ಲ. ಅವಳ ಮನಸ್ಸಿನಲ್ಲಿ ಅದು ಅವಳ ಗಂಡನೇ ಆಗಿತ್ತು.

ಗಂಡ ಕೇದಾರಿ ಜರ್ಮನ್ ಲಡಾಯಿಯ ಕಾಲದಲ್ಲಿ ಬೆಳಗಾವಿಗೆ ಹೋಗಿ, ದಂಡಿನ ಹೇಸರಗತ್ತೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಹಡಗು ಹತ್ತಿಸಿ ಅವನನ್ನು ಬಸರಾ ಎಂಬ ಊರಿಗೆ ಒಯ್ದರು. ಜ್ವರ ಬಂದು ಅಲ್ಲಿಯೇ ತೀರಿಕೊಂಡನೆಂಬ ಸುದ್ದಿ ಪಾಟೀಲರ ಮನೆಗೆ ಬಂತು, ಅಲ್ಲಿಂದ ಇವರ ಮನೆಗೆ ಬಂತು. ಹೆಣ ಬರಲಿಲ್ಲ. ಲಿಂಗವಂತರ ಮನೆಯಲ್ಲಿ ಸತ್ತವರನ್ನು ತಮ್ಮ ಹೊಲದಲ್ಲೇ ಕೂರಿಸಿ ಮಣ್ಣು ಕೊಡುತ್ತಾರೆ, ಮೇಲೊಂದು ಗದ್ದಿಗೆ ಕಟ್ಟುತ್ತಾರೆ. ಹಬ್ಬ ಅಮಾವಾಸ್ಯೆಗೆ ಹೋಗಿ ವಿಭೂತಿ ಹಚ್ಚಿ, ಹೂ ಇಟ್ಟು, ಮನೆಯ ನಾಲ್ಕು ಮಾತು ಹೇಳಿ ಬರಬಹುದು. ಸಾತವ್ವನಿಗೆ ಅಷ್ಟೂ ದಕ್ಕಲಿಲ್ಲ. ಗಂಡನನ್ನು ಕೊಡು ಎಂದು ಶಿವನನ್ನು ಬೇಡುವುದನ್ನು ಅವಳು ಎಂದೋ ಬಿಟ್ಟಿದ್ದಳು. ಅವನಿಗಾಗಿ ಅಳಲು ಒಂದು ಜಾಗ ಕೊಡು ಎಂದು ಬೇಡುತ್ತಿದ್ದಳು.

ಕೇದಾರಿ ಹೊಲದಲ್ಲಿ ರೊಟ್ಟಿ ಬಿಚ್ಚುವಾಗ ಆ ಕಲ್ಲಿಗೆ ಬೆನ್ನು ಹಚ್ಚಿ ಕೂರುತ್ತಿದ್ದ. ಹೀಗಾಗಿ ಸಾತವ್ವ ಕಲ್ಲನ್ನೇ ಅವನ ಗದ್ದಿಗೆ ಮಾಡಿಕೊಂಡಳು. ಪ್ರತಿ ವರ್ಷ ಶೀಗಿ ಹುಣ್ಣಿಮೆಗೆ, ಅಂದರೆ ಭೂಮಿತಾಯಿಗೆ ಎಡೆಯ ಅಡಿಗೆಯನ್ನು ಚರಗವೆಂದು ಹೊಲದ ತುಂಬ ಚೆಲ್ಲುವ ಹಬ್ಬಕ್ಕೆ ಮುಂಚೆ, ಕುಡಗೋಲಿನಿಂದ ಹಳೆಯ ಸುಣ್ಣವನ್ನೆಲ್ಲ ಕೆರೆದು, ಕಲ್ಲನ್ನು ತಿಕ್ಕಿ ತೊಳೆದು, ಹೊಸ ಸುಣ್ಣ ಬಳಿಯುವಳು. ಬಳಿಯುವಾಗ ಮಾತಾಡುವಳು. ಎತ್ತು ಮುದಿಯಾಯಿತು, ನಿಮ್ಮ ಅವ್ವನಿಗೆ ಕಣ್ಣು ಕಾಣುವುದಿಲ್ಲ, ಈ ಸಲ ಜೋಳ ಚೆನ್ನಾಗಿ ಎದ್ದಿದೆ ಎಂದು. ದಾರಿಯಲ್ಲಿ ಹೋಗುವವರು ನೋಡಿಯೂ ನೋಡದಂತೆ ಹೋಗುತ್ತಿದ್ದರು.

ಆ ವರ್ಷ ಅತ್ತೆ ಮುದಕವ್ವ ಒಂದು ಮಾತು ಎತ್ತಿದಳು.

“ಸಾತೂ, ನನ್ನ ಕಣ್ಣ ಅಂತೂ ಹೋದುವು. ಕೈ ಇನ್ನಾ ಅದಾವು. ಹೊಲದ ಕಲ್ಲಿನ ಮ್ಯಾಲ ಕೇದಾರಿ ಹೆಸರ ಕೆತ್ತಸು. ಈ ಶೀಗಿ ಹುಣ್ಣಿವಿಗೆ ನನ್ನ ಮಗನ ಹೆಸರ ಕೈಲೆ ಮುಟ್ಟಿ ನೋಡ್ತೇನಿ.”

“ಬ್ಯಾರೆ ಕಲ್ಲ ನಿಲ್ಲಸೂಣೇನ್ರಿ ಅತ್ತಿ?”

“ಬ್ಯಾರೇದು ಯಾತಕ? ಅಂವಾ ಬೆನ್ನ ಹಚ್ಚಿ ಕುಂಡ್ರತಿದ್ದ ಕಲ್ಲ ಅದು. ಅದ ಆಗಬೇಕು.”

ಸಾತವ್ವನಿಗೂ ಅದೇ ಬೇಕಾಗಿತ್ತು. ಬೀಸುವ ಕಲ್ಲು ಕೆತ್ತಿಕೊಡುತ್ತ ಊರೂರು ತಿರುಗುವ ಗೋಕಾಕದ ಲಗಮಪ್ಪನಿಗೆ ಹೇಳಿ ಕಳಿಸಿದಳು. ಸೋಮವಾರ ಬರುತ್ತೇನೆಂದು ಅವನು ಒಪ್ಪಿಕೊಂಡ. ಆದರೆ ಅವನಿಗೆ ಅಕ್ಷರ ಬಾರದು. ಯಾರಾದರೂ ಕಲ್ಲಿನ ಮೇಲೆ ಬಳಪದಿಂದ ಬರೆದುಕೊಟ್ಟರೆ ಅದರ ಮೇಲೆ ಉಳಿ ಓಡಿಸುವವನು ಅವನು. ಸಾತವ್ವ ನೆಟ್ಟಗೆ ಬಾಜೂ ಹೊಲದ ಜಿನ್ನವ್ವನ ಮನೆಗೆ ಹೋದಳು.

ಜಿನ್ನವ್ವ ಜೈನರ ಮನೆಯ ಸೊಸೆ, ಹುಕ್ಕೇರಿಯ ವ್ಯಾಪಾರಸ್ಥರ ಮಗಳು. ತವರಿನಲ್ಲಿ ಕನ್ನಡ, ಮರಾಠಿ ಎರಡನ್ನೂ ಓದಲು ಕಲಿತಿದ್ದಳು. ಹೊತ್ತು ಮುಳುಗುವ ಮೊದಲೇ ಊಟ ಮುಗಿಯುವ ಮನೆಯಾದ್ದರಿಂದ, ಸಂಜೆಯ ಹೊತ್ತಿಗೆ ಅವಳು ಕಟ್ಟೆಯ ಮೇಲೆ ಮೊರ ಹಿಡಿದು ಬೇಳೆ ಹಸನು ಮಾಡುತ್ತ ಕೂತಿದ್ದಳು.

“ಬಾ ಅಕ್ಕಾ, ಕುಂಡ್ರು. ಏನ ಬಂದಿ?”

“ನಮ್ಮವರ ಹೆಸರ ದೊಡ್ಡದಾಗಿ ಬರದ ಕೊಡಬೇಕ ನೋಡವಾ. ಲಗಮಪ್ಪ ಸೋಮವಾರ ಬರಾಂವ ಅದಾನ.”

“ಅಷ್ಟ ಹೌದಿಲ್ಲೋ, ಬರೀತೇನಿ. ಎಲ್ಲಿ ಬರೀಬೇಕ?”

“ಹೊಲದ ಕಲ್ಲಿನ ಮ್ಯಾಲ. ನಡುವಿನ ಪಟ್ಟಿಯೊಳಗ ಒಂದ ಕಡೆ ನುಣ್ಣಗ ಐತಿ, ಅಕ್ಷರ ಏನೂ ಇಲ್ಲ. ಅಲ್ಲೇ ಕುಂಡ್ರತೈತಿ.”

ಜಿನ್ನವ್ವ ಮೊರ ಕೆಳಗಿಟ್ಟಳು. “ಅಕ್ಕಾ, ಸಿಟ್ಟ ಮಾಡಬ್ಯಾಡ. ಅದೊಂದ ಕೆಲಸ ನನ್ನಿಂದ ಆಗೂದಿಲ್ಲ,” ಎಂದಳು.

ಇಲ್ಲಿ ಒಂದು ಸಂಗತಿ ಹೇಳಬೇಕು. ಹಿಂದಿನ ವರ್ಷ ಧಾರವಾಡದ ಕಡೆಯಿಂದ ಹಳೆಯ ಶಾಸನ ಓದುವ ರಾಯರೊಬ್ಬರು ಕೌಜಲಗಿಗೆ ಬಂದು ಹೋಗಿದ್ದರು. ಕಲ್ಲುಗಳು ಸಾವಿರ ಇವೆ, ಬಾಡಿಗೆ ಬಂಡಿಯಲ್ಲಿ ತಿರುಗುವ ನಾನೊಬ್ಬ ಎಷ್ಟನ್ನು ಕಾದೇನು, ನಿಮ್ಮ ನಿಮ್ಮ ಊರಿನವನ್ನು ನೀವು ನೋಡಿಕೊಳ್ಳುತ್ತೀರಾ ಎಂದು ಅವರು ಕೇಳಿದ್ದರು. ಒಪ್ಪಿದವರಲ್ಲಿ ಜಿನ್ನವ್ವ ಮತ್ತು ಅವಳ ಗಂಡ ಧರಣೇಂದ್ರ ಇದ್ದರು. ಅಮಾವಾಸ್ಯೆಯ ದಿನ ಎತ್ತು ಹೂಡುವುದಿಲ್ಲವಲ್ಲ, ಆಗ ಇಬ್ಬರೂ ಹೊಲ ಹೊಲ ಸುತ್ತಿ ಕಲ್ಲು ನೋಡಿ ಬರುತ್ತಿದ್ದರು. ಮಂದಿ ದೇವರಿಗೆ ಹೋದರೆ ಇವರು ಕಲ್ಲಿನ ಕ್ಷೇಮಸಮಾಚಾರ ಕೇಳಲು ಹೋಗುತ್ತಾರೆ ಎಂದು ಊರೆಲ್ಲ ನಗುತ್ತಿತ್ತು. ನಗಲಿ ಬಿಡಿ ಎಂದು ಅವರು ಸುತ್ತುವುದನ್ನು ಮುಂದುವರಿಸಿದ್ದರು.

ಸಾತವ್ವ ಮುಖ ಗಂಟಿಕ್ಕಿದಳು. “ನನ್ನ ಹೊಲ, ನನ್ನ ಕಲ್ಲ. ನಿಮ್ಮದೇನ ಅಡ್ಡಿ?”

“ಹೊಲ ನಿಂದು ಖರೆ. ಕಲ್ಲ ನಿಮ್ಮ ಮುತ್ಯಾನ ಮುತ್ಯಾಗಿಂತ ಹಳೇದು. ಯಾರೋ ಏನೋ ಹೇಳಬೇಕಂತ ಅದರ ಮ್ಯಾಲ ಬರಸ್ಯಾರ. ಏನ ಬರಸ್ಯಾರಂತ ಓದಸದನ ಉಳಿ ಇಟ್ರ ಹೆಂಗ?”

“ಇಷ್ಟ ದಿನ ಓದದ ಏನ ಕಡಿಮಿ ಆಗೇತಿ? ನಿಮ್ಮ ರಾಯರ ಸುದ್ದಿ ನಂಗೂ ಗೊತ್ತೈತಿ. ಇವತ್ತ ನೋಡಾಕ ಬರತಾರ, ನಾಳೆ ಗಾಡಿ ತಂದ ಹೇರಿಕೊಂಡ ಮುಂಬೈಗೆ ಒಯ್ತಾರ. ನಾಡದ ಹೊಲಾನೂ ಸರಕಾರದ್ದು ಅಂತಾರ.”

“ಯಾರೂ ಒಯ್ಯೂದಿಲ್ಲಕ್ಕಾ. ಇದ್ದಲ್ಲೇ ಇರಬೇಕು, ಅದಕ್ಕ ಕಾಯೂದು. ನೆಟ್ಟಗ ನಿಂತೈತೇನ, ಬುಡಕ ಯಾರರ ಅಗದಾರೇನ, ಎಲ್ಲೆರ ಸೀಳ ಬಿಟ್ಟೈತೇನ ಅಂತ ನೋಡ್ತೇವಿ. ಏನರ ಆಗಿದ್ರ ರಾಯರಿಗೆ ಒಂದ ಕಾರ್ಡ ಹಾಕ್ತೇವಿ. ನಾವು ಕಲ್ಲಿಗೆ ಕೈ ಸುದ್ದಾ ಹಚ್ಚೂದಿಲ್ಲ.”

ಸಾತವ್ವ ಕೇಳಿಸಿಕೊಂಡಳೇ ಹೊರತು ಕರಗಲಿಲ್ಲ. ಜಿನ್ನವ್ವ ತನ್ನ ತವರಿನ ಮಾತು ತೆಗೆದಳು.

“ನಮ್ಮ ಮನಿತನದಾಗ ಒಬ್ಬ ಮುತ್ತಜ್ಜಿ ವ್ರತಾ ಹಿಡದ, ಅನ್ನ ನೀರ ಬಿಟ್ಟ ದೇಹಾ ಇಟ್ಟಿದ್ಲಂತ. ಆಕಿ ಹೆಸರಿಲೆ ಬಸದಿ ಬಾಜೂಕ ಒಂದ ಕಲ್ಲಿತ್ತು. ಬಾವಿ ಕಟ್ಟೂ ಮುಂದ ಯಾರೋ ಅದನ್ನ ಮೆಟ್ಟಲಾ ಮಾಡಿದ್ರು. ಈಗ ತವರಿಗೆ ಹೋದಾಗೊಮ್ಮೆ ಆ ಬಾವಿಗೆ ಇಳಿಯೂವಾಗ, ಯಾವ ಮೆಟ್ಟಲ ಆಕೀದು ಅಂತ ನನ್ನ ಕಾಲ ಏಳೂದಿಲ್ಲಕ್ಕಾ. ಯಾರನ್ನ ಕೇಳಲಿ?”

ಸಾತವ್ವನ ಒಳಗಿನ ಸಂಕಟ ಆಗ ಬಾಯಿಗೆ ಬಂತು. “ನಿನ್ನ ಮುತ್ತಜ್ಜೀನ ನೀ ನೋಡಿಲ್ಲ. ನಾ ನಮ್ಮವರಿಗೆ ರೊಟ್ಟಿ ಬಡದ ಹಾಕೇನಿ. ನಿನ್ನ ಗಂಡ ಸಂಜಿಗೆ ಮನಿಗೆ ಬರತಾನ, ಕಣ್ಣ ಮುಂದ ಉಣ್ಣತಾನ. ನನ್ನ ಸಂಕಟ ನಿನಗೇನ ಗೊತ್ತ?”

“ಗೊತ್ತಿಲ್ಲಕ್ಕಾ,” ಎಂದಳು ಜಿನ್ನವ್ವ. ಅವಳ ಕಣ್ಣಲ್ಲೂ ನೀರಿತ್ತು. “ಗೊತ್ತೈತಿ ಅಂದ್ರ ಸುಳ್ಳ ಆದೀತು. ಆದ್ರ ಒಂದ ಮಾತ ಕೇಳು. ರಾಯರು ಶನಿವಾರ ಬರಾಕತ್ತಾರ. ಒಮ್ಮೆ ಓದಲಿ. ಆಮ್ಯಾಲೂ ನಿನ್ನ ಮನಸ ಅಲ್ಲೇ ಇದ್ರ ನಾ ಅಡ್ಡ ಬರೂದಿಲ್ಲ.”

ಸಾತವ್ವ ಸೆರಗು ಕೊಡವಿಕೊಂಡು ಎದ್ದು ಹೋದಳು. ಆದರೆ ಶನಿವಾರ ಹೊಲದಲ್ಲಿ ಎಲ್ಲರಿಗಿಂತ ಮುಂಚೆ ಬಂದು ನಿಂತವಳು ಅವಳೇ.

ಜಿನ್ನವ್ವನ ಜೊತೆ ಬಂದ ರಾಯರು ತೆಳ್ಳಗಿನ ಮನುಷ್ಯ. ರುಮಾಲು ಬಿಚ್ಚಿ ಬದುವಿನ ಮೇಲಿಟ್ಟು ಕಲ್ಲಿನ ಮುಂದೆ ಮಂಡಿಯೂರಿದರು. ಮಳೆಗಾಲದಲ್ಲಿ ಸುಣ್ಣ ಅರ್ಧ ತೊಳೆದು ಹೋಗಿತ್ತು, ಉಳಿದದ್ದು ಚಕ್ಕೆಚಕ್ಕೆಯಾಗಿ ಅಂಟಿಕೊಂಡಿತ್ತು. ಅವರು ಅದಕ್ಕೆ ನೀರು ಚಿಮುಕಿಸಿ ಮೆತ್ತಗಿನ ಕುಂಚದಿಂದ ಒಂದಿಷ್ಟಿಷ್ಟೇ ಬಿಡಿಸತೊಡಗಿದರು. ಈ ನಿಧಾನ ನೋಡಿ ಸಾತವ್ವನಿಗೆ ತಡೆಯಲಾಗಲಿಲ್ಲ. ಕುಡಗೋಲು ಹಿಡಿದು ಮುಂದೆ ಬಂದಳು.

“ಸರೀರಿ ರಾಯರ, ನಾ ಒಂದ ಗಳಿಗ್ಯಾಗ ಹಸನ ಮಾಡಿ ಕೊಡ್ತೇನ್ರಿ.”

ರಾಯರು ಅವಳಿಗೆ ಕೈ ಅಡ್ಡ ಹಿಡಿದರು. “ಬ್ಯಾಡವಾ, ಕಬ್ಬಿಣ ತಾಗಿಸಬ್ಯಾಡ. ವರ್ಷಾ ವರ್ಷಾ ಹಿಂಗೇ ಕೆರೀತೀಯೇನು?”

“ಹೂಂನ್ರಿ. ಹಳೇ ಸುಣ್ಣದ ಮ್ಯಾಲ ಹೊಸಾದು ಹಿಡಿಯೂದಿಲ್ರಿ. ಕಲ್ಲ ಕಾಣೂ ಮಟಾ ಕೆರೀತೇನ್ರಿ,” ಎಂದಳು ಸಾತವ್ವ. ಅವಳ ದನಿಯಲ್ಲಿ ಹೆಮ್ಮೆಯೇ ಇತ್ತು. ರಾಯರು ಜಿನ್ನವ್ವನ ಮುಖ ನೋಡಿ, ಮತ್ತೆ ಕುಂಚ ಎತ್ತಿಕೊಂಡರು.

ಕಲ್ಲು ಸ್ವಚ್ಛವಾದ ಮೇಲೆ ಒದ್ದೆ ಕಾಗದವನ್ನು ಅದರ ಮೈಗೆ ಅಂಟಿಸಿದರು. ಅಕ್ಷರಗಳ ಕುಳಿಯೊಳಗೆ ಕಾಗದ ಇಳಿಯುವಂತೆ ಕುಂಚದಿಂದ ತಟ್ಟಿದರು. ಆರುತ್ತ ಬಂದಾಗ ಶಾಯಿಯಲ್ಲಿ ಅದ್ದಿದ ಬಟ್ಟೆಯ ಗಂಟನ್ನು ಮೇಲೆ ಒತ್ತುತ್ತ ಹೋದರು. ಕಪ್ಪು ಕಾಗದದ ಮೇಲೆ ಬಿಳಿಯ ಅಕ್ಷರಗಳು ಸಾಲುಸಾಲಾಗಿ ಎದ್ದು ಬಂದವು. ಇಷ್ಟು ವರ್ಷ ಸುಣ್ಣದ ಕೆಳಗಿದ್ದ ಮಾತು ಅದು. ಸಾತವ್ವ ಬಾಯಿ ತೆರೆದು ನೋಡುತ್ತ ನಿಂತಳು.

ರಾಯರು ಕಾಗದವನ್ನು ಕಲ್ಲಿನಿಂದ ಬಿಡಿಸಿ ಹಿಡಿದು, ಬೆರಳು ಓಡಿಸುತ್ತ ಓದಿದರು. “ಏಳೆಂಟು ನೂರು ವರ್ಷದ ಹಿಂದಿನ ಮಾತು ಕೇಳವಾ ಇದು. ಬಮ್ಮಯ್ಯ ಅನ್ನಾಂವ ದಂಡಿನ ಸಂಗತೀಲೆ ದೂರ ದೇಶಕ್ಕ ಹೋದ. ಅಲ್ಲೇ ಕಾದಿ ಸತ್ತ. ಇಲ್ಲಿ ಅವನ ಹೆಂಡತಿ ಪರೋಕ್ಷವಿನಯ ಅಂತ ಈ ಕಲ್ಲು ನಿಲ್ಲಿಸ್ಯಾಳ.”

“ಹಂಗಂದ್ರೇನ್ರಿ?”

“ಕಣ್ಣ ಮುಂದ ಇಲ್ಲದವರಿಗೆ ಸಲ್ಲಿಸೋ ಮರ್ಯಾದಿ.”

“ಹೆಣಾ ಬಂದಿತ್ತೇನ್ರಿ ಅವನದು?”

“ಅದನ್ನ ಬರದಿಲ್ಲವಾ. ಅಷ್ಟು ದೂರದಿಂದ ಬಂದಿರಲಿಕ್ಕಿಲ್ಲ.”

ಸಾತವ್ವ ಅಲ್ಲಿಯೇ ಕರಿಮಣ್ಣಿನ ಮೇಲೆ ಕೂತುಬಿಟ್ಟಳು. ಇಂಥ ಗೋಳು ಲೋಕದಲ್ಲಿ ತನಗೊಬ್ಬಳಿಗೇ ಬಂತೆಂದು ಅವಳು ತಿಳಿದಿದ್ದಳು. ಇದೇ ನೆಲದ ಮೇಲೆ ನಿಂತು, ಇದೇ ದಾರಿಯ ಕಡೆ ನೋಡಿ ನೋಡಿ, ಕೊನೆಗೆ ಕಲ್ಲು ನಿಲ್ಲಿಸಿದವಳೊಬ್ಬಳಿದ್ದಳು. ಅವಳನ್ನು ಒಮ್ಮೆ ಕಾಣಬೇಕು, ಪಕ್ಕದಲ್ಲಿ ಕೂರಿಸಿಕೊಂಡು, ನೀನು ಹೇಗೆ ತಡೆದುಕೊಂಡೆ ಎಂದು ಕೇಳಬೇಕು ಅನ್ನಿಸಿತು. ಒಡಹುಟ್ಟಿದವರ ಮೇಲೂ ಅವಳಿಗೆ ಅಷ್ಟು ಆಸೆ ಎಂದೂ ಹುಟ್ಟಿರಲಿಲ್ಲ.

“ಆಕಿ ಹೆಸರ ಏನ್ರಿ?”

ರಾಯರು ಕಾಗದದ ನಡುವೆ ಒಂದು ಕಡೆ ಬೆರಳಿಟ್ಟರು. ಅಲ್ಲಿ ಬಿಳಿಯ ಗೆರೆಯೇ ಇರಲಿಲ್ಲ, ಶಾಯಿ ಬರೀ ಕಪ್ಪಗೆ ಕೂತಿತ್ತು. “ಇಲ್ಲೇ ಇತ್ತವಾ. ಕಡೀಕ ಅಬ್ಬೆ ಅಂತ ಒಂದೀಟು ಕಾಣ್ತದ. ಆಗಿನ ಹೆಣ್ಣಮಕ್ಕಳ ಹೆಸರಿಗೆಲ್ಲಾ ಅಬ್ಬೆ ಅಂತ ಹಚ್ಚತಿದ್ರು. ಅದರ ಹಿಂದಿನ ಹೆಸರು ಹೋಗೇದ.”

“ಎಲ್ಲಿ ಹೋತ್ರಿ?”

ರಾಯರು ಬೆರಳನ್ನು ಕಾಗದದಿಂದ ಕಲ್ಲಿನ ಕಡೆ ತಿರುಗಿಸಿದರು. ಸಾತವ್ವ ಕಲ್ಲನ್ನು ನೋಡಿದಳು. ನಡುವಿನ ಪಟ್ಟಿಯಲ್ಲಿ ನುಣ್ಣಗಿದ್ದ ಜಾಗ ಅದೇ. ಲಗಮಪ್ಪನ ಉಳಿಗಾಗಿ ಅವಳು ಆರಿಸಿಟ್ಟ ಜಾಗ. ಕೆರೆಯಲು ಕೈಗೆ ಸಲೀಸಾಗಿ ಸಿಗುವ ಎತ್ತರ ಅದು, ವರ್ಷವರ್ಷವೂ ಅಲ್ಲಿಂದಲೇ ಶುರು ಮಾಡುತ್ತಿದ್ದಳು. ಕುಡಗೋಲು ಅವಳ ಮಡಿಲಲ್ಲೇ ಇತ್ತು.

“ಗೊತ್ತಿದ್ದು ಮಾಡಿದ್ದಲ್ಲ, ಬಿಡವಾ,” ಎಂದರು ರಾಯರು. ಆ ಸಮಾಧಾನ ಅವಳ ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಜಿನ್ನವ್ವ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು.

ಸೋಮವಾರ ಲಗಮಪ್ಪ ಉಳಿ ಸುತ್ತಿಗೆ ಹೆಗಲಿಗೇರಿಸಿ ಬಂದ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ, ಹೀಗಾಗಿ ಮುದಕವ್ವ ಸೊಸೆಯ ಕೈ ಹಿಡಿದು ನಡೆದೇ ಹೊಲಕ್ಕೆ ಬಂದಳು. ದಾರಿಯುದ್ದಕ್ಕೂ ಮಗ ಚಿಕ್ಕವನಿದ್ದಾಗಿನ ಆಟಗಳನ್ನು ಹೇಳುತ್ತ ಬಂದಳು. ಸಾತವ್ವನಿಗೆ ಬಾಯಿ ಬಿಡುವ ಧೈರ್ಯ ಬಂದದ್ದು ಕಲ್ಲಿನ ಹತ್ತಿರ ಮುಟ್ಟಿದ ಮೇಲೆ. ಎಲ್ಲವನ್ನೂ ಹೇಳಿದಳು.

ಮುದಕವ್ವ ಸಿಟ್ಟಿಗೆದ್ದಳು. “ಯಾವಾಕಿನೋ ಏನೋ. ನಮಗೇನ ಆಗಬೇಕ ಆಕಿ? ನನ್ನ ಮಗಗಿಂತಾ ಆಕಿ ಗಂಡ ಹೆಚ್ಚಾದನೇನ ನಿನಗ?”

“ಹೆಚ್ಚಲ್ರಿ ಅತ್ತಿ. ಆಕಿ ಹೆಸರ ನನ್ನ ಕೈಯಿಂದ ಹೋತ್ರಿ. ಎಷ್ಟ ಆಸೆಪಟ್ಟ ಬರಸಿದ್ಲೋ ಏನೋ. ಅದರ ಮ್ಯಾಲ ನಮ್ಮದು ಬರಸಿದ್ರ, ನಾಳೆ ನಮ್ಮದರ ಮ್ಯಾಲ ಇನ್ನೊಬ್ಬರು ಬರಸ್ತಾರ್ರಿ. ಆಗ ನಮ್ಮವರ ಹೆಸರೂ ಹೋಗತೈತಿ.”

ಅತ್ತೆಯ ಕೈಯನ್ನು ಅವಳು ಮೆಲ್ಲಗೆ ಕಲ್ಲಿನ ಮೇಲಿಟ್ಟಳು. ಮುದಕವ್ವನ ಬೆರಳುಗಳು ಅಕ್ಷರದಿಂದ ಅಕ್ಷರಕ್ಕೆ ಹೋದವು, ನುಣ್ಣಗಿನ ಜಾಗಕ್ಕೆ ಬಂದು ತಡೆದವು, ಮತ್ತೆ ಹಿಂದಕ್ಕೆ ಹೋದವು.

“ಇದರಾಗ ಕೇದಾರಿ ಅಂತ ಎಲ್ಲೂ ಇಲ್ಲೇನ?”

“ಇಲ್ರಿ ಅತ್ತಿ.”

ಮುದಕವ್ವ ಅತ್ತಳು. ಸಾತವ್ವನೂ ಅತ್ತಳು. ಲಗಮಪ್ಪ ಬೇರೆ ಕಡೆ ನೋಡುತ್ತ ನಿಂತ. ಸ್ವಲ್ಪ ಹೊತ್ತಿನ ಮೇಲೆ ಮುದಕವ್ವ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು.

“ಆ ಬಮ್ಮಯ್ಯಗ ಅವ್ವ ಇದ್ಲಂತೇನ?”

“ಬರದಿಲ್ರಿ. ಇದ್ದಿರಬೇಕ್ರಿ.”

“ನೋಡ ಮತ್ತ. ಹೆಂಡತಿದರ ಅರ್ಧಾ ಹೆಸರ ಉಳದೈತಿ, ಹಡದಾಕಿದ ಬರದಾ ಇಲ್ಲ. ಲಗಮಪ್ಪಾ, ಬ್ಯಾರೆ ಕಲ್ಲ ಹುಡಕಪಾ. ನಮ್ಮ ಕೇದಾರಿದು ಅದರ ಮ್ಯಾಲ ಆಗಲಿ. ಕೆಳಗ ನಮ್ಮಿಬ್ಬರ ಹೆಸರೂ ಹಾಕು. ಆಳವಾಗಿ ಹಾಕು.”

ಲಗಮಪ್ಪ ಹಳ್ಳದ ದಂಡೆಯಿಂದ ಒಂದು ಒಳ್ಳೆಯ ಕಲ್ಲು ತಂದ. ಜಿನ್ನವ್ವ ಬಳಪ ಹಿಡಿದು ಬಂದು ಮೂರೂ ಹೆಸರುಗಳನ್ನು ದೊಡ್ಡದಾಗಿ ಬರೆದುಕೊಟ್ಟಳು. ಹಳೆಯ ಕಲ್ಲಿನ ಮಗ್ಗುಲಿಗೇ ನಿಲ್ಲಿಸೋಣ ಎಂದು ಲಗಮಪ್ಪ ಗುದ್ದಲಿ ಎತ್ತಿದಾಗ ಸಾತವ್ವನೇ ತಡೆದಳು. “ಬ್ಯಾಡೋ ಯಪ್ಪಾ. ಬುಡಕ ಅಗದ್ರ ಅದು ವಾಲೀತು. ಆ ಕಡೆ ಬದುವಿನ ಮ್ಯಾಲ ನಿಲ್ಲಸು,” ಎಂದಳು. ಜಿನ್ನವ್ವ ಮುಖ ತಿರುಗಿಸಿ ನಕ್ಕಳು.

ಶೀಗಿ ಹುಣ್ಣಿಮೆಯ ದಿನ ಮುದಕವ್ವ ಬದುವಿನ ಮೇಲೆ ಕೂತು ಮಗನ ಹೆಸರಿನ ಮೇಲೆ ಕೈಯಾಡಿಸಿದಳು. ಸಾತವ್ವ ಚರಗ ಚೆಲ್ಲಿದ ಮೇಲೆ ಹಳೆಯ ಕಲ್ಲಿನ ಹತ್ತಿರ ಹೋದಳು. ಸುಣ್ಣ ಬಳಿಯಲಿಲ್ಲ, ಎಣ್ಣೆ ಹಚ್ಚಲಿಲ್ಲ. ಎರಡು ಹೂಗಳನ್ನು ಕಲ್ಲಿಗೆ ತಾಗದಂತೆ ಮುಂದಿನ ನೆಲದ ಮೇಲಿಟ್ಟಳು. ಏನೆಂದು ಕರೆಯಬೇಕೋ ತಿಳಿಯದೆ, “ಅಕ್ಕಾ” ಎಂದಳು.

ಈಗ ಅಮಾವಾಸ್ಯೆಗೆ ಜಿನ್ನವ್ವ, ಧರಣೇಂದ್ರರ ಜೊತೆ ಸಾತವ್ವನೂ ಕಲ್ಲು ನೋಡಲು ಹೋಗುತ್ತಾಳೆ. ಯಾರಾದರೂ ಹಳೆಯ ಕಲ್ಲಿಗೆ ದನ ಕಟ್ಟಿದ್ದು ಕಂಡರೆ ಸಾಕು, ಕಟ್ಟಿದವನ ಮನೆಯ ತನಕ ಹೋಗಿ ಬೈದು ಬರುತ್ತಾಳೆ. ಬೈಗುಳದಲ್ಲಿ ಅವಳ ಕೈ ಹಿಡಿಯುವವರಿಲ್ಲ.

ಓದುವ ಅಣ್ಣತಮ್ಮಂದಿರೇ, ಕೇಳುವ ಅಕ್ಕತಂಗಿಯರೇ, ನಿಮ್ಮ ಹೊಲದಲ್ಲಿ, ಗುಡಿಯ ಮುಂದೆ, ಬಾವಿಯ ದಂಡೆಯಲ್ಲಿ ಬರಹದ ಕಲ್ಲು ಇದ್ದರೆ ಅದು ಇದ್ದಲ್ಲೇ ಇರಲಿ. ಅದಕ್ಕೆ ಭಕ್ತಿ ತೋರಿಸಬೇಕೆಂದರೆ ದೂರದಿಂದ ಕೈ ಮುಗಿಯಿರಿ. ಸುಣ್ಣ, ಎಣ್ಣೆ, ಕಬ್ಬಿಣ ಯಾವುದನ್ನೂ ತಾಗಿಸಬೇಡಿರಿ. ಅದರ ಅಡಿಯಲ್ಲಿ ಹೊನ್ನು ಇದೆ ಎನ್ನುವವನ ಮಾತಿಗೆ ಮರುಳಾಗಬೇಡಿರಿ. ಇರುವ ಸಂಪತ್ತೆಲ್ಲ ಅದರ ಮೈಮೇಲಿನ ಬರಹವೇ. ತಿಂಗಳಿಗೊಮ್ಮೆ ಅದರ ಕಡೆ ಹಾಯ್ದು ಬನ್ನಿರಿ. ಬಿದ್ದಿದ್ದರೆ, ಬಿರುಕು ಬಿಟ್ಟಿದ್ದರೆ, ಬುಡ ಯಾರಾದರೂ ಅಗಿದಿದ್ದರೆ, ನೀವಾಗಿ ನೆಟ್ಟಗೆ ಮಾಡಲು ಹೋಗದೆ, ಇಂಥ ಕೆಲಸಕ್ಕೆ ಒಪ್ಪಿಕೊಂಡವರಿಗೆ ಸುದ್ದಿ ಮುಟ್ಟಿಸಿರಿ. ನಿಮ್ಮ ಊರಿನಲ್ಲಿ ಅಂಥವರು ಇಲ್ಲವಾದರೆ ನೀವೇ ಮೊದಲಿನವರಾಗಿರಿ.

ಬಮ್ಮಯ್ಯನ ಹೆಂಡತಿಯ ಹೆಸರನ್ನು ಇನ್ನು ಯಾವ ಪಂಡಿತರೂ ಹೇಳಲಾರರು. ನಿಮ್ಮ ಹೊಲದ ಕಲ್ಲಿನ ಮೇಲೆ ಯಾರದೋ ಹೆಸರು ಇನ್ನೂ ಉಳಿದಿರಬಹುದು. ಇವತ್ತೇ ಹೋಗಿ ನೋಡಿ ಬನ್ನಿರಿ.